ಹವಾಲ್ದಾರ ಅಜ್ಜ ಯಾವ ರಾಜ್ಯದವರು?

ಬೆಳಗಾವಿಯ ಪಶ್ಚಿಮಕ್ಕಿರುವ ನಮ್ಮ ಹಳ್ಳಿಗಳನ್ನು ನೋಡಿ ಹೋದ ಮೇಲೆ ನೀವು ಎರಡು ಪ್ರಶ್ನೆ ಕೇಳಿದಿರಿ. ಇಷ್ಟೊಂದು ಮನೆಗಳ ಗೋಡೆಯ ಮೇಲೆ ಮಿಲಿಟರಿ ಡ್ರೆಸ್ಸಿನ ಫೋಟೋ ಯಾಕೆ? ಕರ್ನಾಟಕದ ಹಳ್ಳಿಯವನು ಮರಾಠಾ ರೆಜಿಮೆಂಟಿಗೆ ಸೇರಿದರೆ ಅವನನ್ನು ಯಾರ ಲೆಕ್ಕಕ್ಕೆ ಹಿಡಿಯುತ್ತೀರಿ?

ಮೊದಲನೆಯದು ಸುಲಭ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ 1920ರ ದಶಕದಿಂದ ಬೆಳಗಾವಿಯ ಕ್ಯಾಂಪಿನಲ್ಲೇ ಇದೆ. ನಮ್ಮ ಕಡೆ ಹೊಲಗಳು ಚಿಕ್ಕವು. ನಾಲ್ಕು ಅಣ್ಣತಮ್ಮಂದಿರಲ್ಲಿ ಪಾಲಾದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಒಬ್ಬ ಭರ್ತಿಯಾದರೆ ಮನೆಗೆ ತಿಂಗಳಿಗೊಮ್ಮೆ ಮನಿಆರ್ಡರ್ ಬರುತ್ತಿತ್ತು. ದೇಶಭಕ್ತಿ ಇಲ್ಲ ಅಂತಲ್ಲ. ಆದರೆ ಮೊದಲು ಮನಿಆರ್ಡರ್, ಆಮೇಲೆ ಉಳಿದದ್ದು. ಇದನ್ನು ಒಪ್ಪಿಕೊಳ್ಳಲು ಇಲ್ಲಿ ಯಾರಿಗೂ ನಾಚಿಕೆ ಇಲ್ಲ.

ಎರಡನೆಯದಕ್ಕೆ ನಮ್ಮ ಓಣಿಯ ಹವಾಲ್ದಾರ ಅಜ್ಜನ ವಿಷಯ ಹೇಳಬೇಕು. 2024ರಲ್ಲಿ ತೀರಿಕೊಂಡರು. ಮನೆಮಾತು ಮರಾಠಿ. ಹೊಲದಲ್ಲಿ, ಸಂತೆಯಲ್ಲಿ, ನಮ್ಮಂಥವರ ಮನೆಯಲ್ಲಿ ಕನ್ನಡ. ಯಾರನ್ನಾದರೂ ಬೈಯಬೇಕಾದರೆ ಹಿಂದಿ. ಅದು ಪಲ್ಟಣ್‌ನಲ್ಲಿ ಕಲಿತದ್ದು.

1943ರಲ್ಲಿ ಭರ್ತಿಯಾದಾಗ ಅವರಿಗೆ 16 ವರ್ಷ. 18 ಅಂತ ಬರೆಸಿದರು. ಜನನ ಪತ್ರ ಯಾರ ಹತ್ತಿರ ಇತ್ತು ಆಗ? ಎದೆ, ಎತ್ತರ ಅಳೆದು ಒಳಗೆ ಬಿಟ್ಟರು. ಆ ಮಹಾಯುದ್ಧಕ್ಕೆ ಹಿಂದೂಸ್ತಾನದ ಸೇನೆ ಸುಮಾರು 25 ಲಕ್ಷ ಜನಕ್ಕೆ ಬೆಳೆದಿತ್ತು, ಎಲ್ಲರೂ ತಾವಾಗಿಯೇ ಸೇರಿದವರು. ಹಾಗಾಗಿ ಎರಡು ವರ್ಷದ ಸುಳ್ಳನ್ನು ಯಾರೂ ಕೆದಕಲಿಲ್ಲ. ಈ ಸುಳ್ಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಡಗು ಹತ್ತಿಸಿ ಇಟಲಿಗೆ ಕಳಿಸಿದರು. ಮೂರನೇ ಬೆಟಾಲಿಯನ್. ನಾಯಕ್ ಯಶವಂತ ಘಾಡ್ಗೆ ಅವರದು ಇದೇ ಬೆಟಾಲಿಯನ್. 1944ರ ಜುಲೈ 10ರಂದು ಟೈಬರ್ ಕಣಿವೆಯ ಮೇಲ್ಭಾಗದಲ್ಲಿ ಅವರ ಸೆಕ್ಷನ್, ಅಂದರೆ ಚಿಕ್ಕ ತುಕಡಿ, ಪೂರ್ತಿ ಬಿದ್ದುಹೋಯಿತು. ಉಳಿದವರು ಅವರೊಬ್ಬರೇ. ಒಬ್ಬರೇ ನುಗ್ಗಿ ಮಷಿನ್‌ಗನ್ ಠಾಣೆ ಹಿಡಿದರು. ಅಲ್ಲೇ ಗುಂಡು ತಗುಲಿ ಸತ್ತರು. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅಜ್ಜ ಅಲ್ಲಿ ಮುಟ್ಟಿದ್ದು ಅದಾದ ಮೇಲೆ, ಬಿದ್ದವರ ಜಾಗ ತುಂಬಲು.

ಅಜ್ಜನ ಹತ್ತಿರ ಶೌರ್ಯದ ಕಥೆ ಕೇಳಲು ಹೋದರೆ ನಿರಾಸೆ ಗ್ಯಾರಂಟಿ. ಹೇಳುತ್ತಿದ್ದದ್ದೆಲ್ಲ ಹೇಸರಗತ್ತೆಗಳ ವಿಷಯ. ಆ ಗುಡ್ಡಗಳಿಗೆ ಲಾರಿ ಹೋಗುತ್ತಿರಲಿಲ್ಲ. ಮದ್ದು, ರೊಟ್ಟಿ, ನೀರು ಎಲ್ಲ ಹೇಸರಗತ್ತೆಯ ಬೆನ್ನ ಮೇಲೆ, ರಾತ್ರಿ ಹೊತ್ತು, ಮೊಳಕಾಲು ಮುಳುಗುವ ಕೆಸರಲ್ಲಿ. ಯಾವ ಹೇಸರಗತ್ತೆ ಮೊಂಡು, ಯಾವುದು ಗುಂಡಿನ ಸದ್ದಿಗೂ ಕಿವಿ ಅಲ್ಲಾಡಿಸುತ್ತಿರಲಿಲ್ಲ ಅಂತ 80 ವರ್ಷದ ಮೇಲೂ ಹೇಳುತ್ತಿದ್ದರು. ಸತ್ತ ಗೆಳೆಯರ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮರೆತಿದ್ದರು ಅಂತ ನನಗೇನೂ ಅನಿಸುವುದಿಲ್ಲ.

ಅಲ್ಲಿನ ಮೊಂಟೋನೆ ಊರಲ್ಲಿ ಘಾಡ್ಗೆಯವರ ನೆನಪಿಗೆ 2023ರಲ್ಲಿ ಒಂದು ನೆರಳು ಗಡಿಯಾರ ಕಟ್ಟಿದರು. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಬಿಸಲಿನ ಗಡಿಯಾರ? ನಾ ಇದ್ದಾಗ ಅಲ್ಲಿ ಬಿಸಲ ಎಲ್ಲಿತ್ತೋ ತಮ್ಮಾ" ಅಂದರು.

ವಾಪಸು ಬಂದರೂ ಬಿಡುಗಡೆ ಆಗಲಿಲ್ಲ. ಅವರ ಬೆಟಾಲಿಯನ್ ಪ್ಯಾರಾಚೂಟ್ ದಳಕ್ಕೆ ಸೇರಿತು. 1947-48ರ ಪಾಕಿಸ್ತಾನದ ಯುದ್ಧ, ಜಮ್ಮು-ಕಾಶ್ಮೀರದ ನೌಶೇರಾ, ಝಂಗಡ್. ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ ಕೈಕೆಳಗೆ. 1947ರ ಡಿಸೆಂಬರಿನಲ್ಲಿ ಝಂಗಡ್ ಕೈತಪ್ಪಿತು. ವಾಪಸು ತೆಗೆದುಕೊಳ್ಳುವವರೆಗೆ ಮಂಚದ ಮೇಲೆ ಮಲಗಲ್ಲ ಅಂತ ಉಸ್ಮಾನ್ ಶಪಥ ಮಾಡಿದರು. ಮಾರ್ಚಿನಲ್ಲಿ ಊರು ಸಿಕ್ಕಿತು. ಜುಲೈ 3ಕ್ಕೆ ಅದೇ ಝಂಗಡ್‌ನಲ್ಲಿ ಶೆಲ್ ಬಿದ್ದು ಉಸ್ಮಾನ್ ಹೋದರು. ಅಜ್ಜನ ಮನೆಯಲ್ಲಿ ಶಿವಾಜಿ ಮಹಾರಾಜರ ಫೋಟೋ ಪಕ್ಕ ಪೇಪರಿನಿಂದ ಕತ್ತರಿಸಿದ ಉಸ್ಮಾನ್ ಸಾಹೇಬರ ಚಿತ್ರ ಇದೆ. ಪಕ್ಕದಲ್ಲೇ ಬಸವಣ್ಣನವರ ಕ್ಯಾಲೆಂಡರ್. ಅದು ನಮ್ಮ ಅಂಗಡಿಯಿಂದ ಹೋದದ್ದು.

ಈಗ ನಿಮ್ಮ ಪ್ರಶ್ನೆ, ಯಾರ ಲೆಕ್ಕ? ಅವರು ಭರ್ತಿಯಾದಾಗ ನಮ್ಮೂರು ಮುಂಬೈ ಪ್ರಾಂತ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಆಯಿತು. ಅಜ್ಜ ಆಗ ಇನ್ನೂ ಸರ್ವಿಸ್‌ನಲ್ಲಿದ್ದರು. ರಜೆಗೆ ಬಂದು ನೋಡಿದರೆ ರಾಜ್ಯ ಬದಲಾಗಿತ್ತು. ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯಿಂದ ತಪ್ಪಿ ಮುಂಬೈ ರಾಜ್ಯದ ಕಡೆ, ಅಂದರೆ ಈಗಿನ ಮಹಾರಾಷ್ಟ್ರದಲ್ಲಿ, ಉಳಿಯಿತು. ಅವರ ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೇ. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂತು. 2014ರಲ್ಲಿ ಬೆಳಗಾಂ ಬೆಳಗಾವಿ ಆಯಿತು. ಮನೆ ಮಾತ್ರ ಒಂದು ಇಂಚೂ ಸರಿದಿಲ್ಲ. ಗಡಿ ತಕರಾರಿನಲ್ಲಿ ನನಗೂ ಒಂದು ಪಕ್ಷ ಇದೆ, ಮುಚ್ಚಿಡಲ್ಲ. ನಾನು ಕನ್ನಡದವನು, ಈ ಊರು ಎಲ್ಲಿದೆಯೋ ಅಲ್ಲೇ ಇರಬೇಕು ಅನ್ನುವವನು. ಅಜ್ಜನ ಮಗ ಬೇರೆ ಮಾತಾಡುತ್ತಾನೆ. ಚಹಾ ಕುಡಿಯುತ್ತಾ ಜಗಳ ಆಡುತ್ತೇವೆ. ನವೆಂಬರ್ 1 ಇಲ್ಲಿ ನಮಗೆ ರಾಜ್ಯೋತ್ಸವ, ಮರಾಠಿಯವರಲ್ಲಿ ಕೆಲವರಿಗೆ ಕರಾಳ ದಿನ. ಅಜ್ಜನಿಗೆ ಮಾತ್ರ ಅದು ಜೀವಂತ ಪ್ರಮಾಣ ಪತ್ರದ ತಿಂಗಳು ಶುರುವಾಗುವ ದಿನ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸದಿದ್ದರೆ ಪೆನ್ಶನ್ ನಿಲ್ಲುತ್ತದೆ. ಮೆರವಣಿಗೆ, ಬಂದ್ ಅಂತ ಬಸ್ಸು ನಿಂತರೆ ಇಬ್ಬರ ಪಕ್ಷದವರಿಗೂ ಸೇರಿಸಿ ಹಿಂದಿಯಲ್ಲಿ ಬೈಗುಳ.

15 ವರ್ಷ ಪೂರೈಸಿ 1958ರಲ್ಲಿ ಪೆನ್ಶನ್ ಮೇಲೆ ಬಂದರು. ಅಂದರೆ ಸೈನಿಕರಾಗಿದ್ದದ್ದಕ್ಕಿಂತ ಮಾಜಿ ಸೈನಿಕರಾಗಿದ್ದದ್ದೇ ನಾಲ್ಕು ಪಟ್ಟು ಜಾಸ್ತಿ. ಭತ್ತ, ಕಬ್ಬು, ಎರಡು ಎಮ್ಮೆ. ಬೆಳಗಿನ ಐದಕ್ಕೆ ಓಣಿಯ ಹುಡುಗರನ್ನು ಎಬ್ಬಿಸಿ ಸೇನಾ ಭರ್ತಿಯ ಪರೀಕ್ಷೆಗೆ ಅಂತ ಡಾಂಬರು ರಸ್ತೆಯಲ್ಲಿ 1600 ಮೀಟರ್ ಓಡಿಸುತ್ತಿದ್ದರು. ಕಂದಕ ಹಾರಲು ಹೊಲದ ಬದುವಿನಲ್ಲಿ 9 ಅಡಿ ಅಗೆಸಿದ್ದರು. ಅವರ ಕೈಯಲ್ಲಿ ಓಡಿದವರಲ್ಲಿ ನಮ್ಮ ಓಣಿಯ ಕನ್ನಡದ ಹುಡುಗರೂ ಇದ್ದರು, ಮುಲ್ಲಾ ಮನೆಯವರೂ ಇದ್ದರು. 2022ರಲ್ಲಿ ಅಗ್ನಿಪಥ ಬಂದು ಹೆಚ್ಚಿನವರಿಗೆ ನಾಲ್ಕೇ ವರ್ಷದ ನೌಕರಿ ಅಂತ ಗೊತ್ತಾದ ಮೇಲೆ ಓಡುವವರು ಕಡಿಮೆಯಾದರು. "ನಾಕ ವರ್ಷಕ್ಕ ಬೂಟಾದ್ರೂ ಸವಿತೈತೇನು?" ಅಂತ ಅವರ ತಕರಾರು.

ಮದುವೆ ಸೀಸನ್ ಬಂದರೆ ಅಜ್ಜನ ಬೆಲೆ ಏರುತ್ತಿತ್ತು. ಮಿಲಿಟರಿ ಕ್ಯಾಂಟೀನಿನ ರಮ್ ಕೋಟಾ ಇತ್ತಲ್ಲ, ಅವರಿಗೆ ಕುಡಿಯುವ ಚಟ ಇರಲಿಲ್ಲ. ಇದರ ಬಗ್ಗೆ ಇಷ್ಟೇ ಸಾಕು.

ಇನ್ನು ಆ ಎರಡು ವರ್ಷದ ಸುಳ್ಳು. ಪೆನ್ಶನ್ನಿಗೆ 80 ತುಂಬಿದರೆ ಶೇ. 20 ಜಾಸ್ತಿ, 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಪೂರ್ತಿ ದುಪ್ಪಟ್ಟು. ಲೆಕ್ಕ ಸರ್ವಿಸ್ ದಾಖಲೆಯ ವಯಸ್ಸಿನದು. ಹಾಗಾಗಿ 16ರ ಹುಡುಗ ಬರೆಸಿದ ಸುಳ್ಳು ಪ್ರತಿ ಸಲವೂ ಮೊದಲೇ ಹಣ ತಂದಿತು. ಕೊನೆಗೆ ನೂರರ ಆಸೆ ಹತ್ತಿತ್ತು. ಒಂದೇ ವರ್ಷ ಬಾಕಿ ಇತ್ತು. ಸೊಸೆ ಈಗಲೂ ನಗುತ್ತಲೇ ಕಣ್ಣೊರೆಸಿಕೊಂಡು ಹೇಳುತ್ತಾಳೆ, "ಮಾವ ಮೂರು ವರ್ಷದ ಸುಳ್ಳು ಹೇಳಬೇಕಿತ್ತು."

ಅಂತ್ಯಕ್ರಿಯೆಗೆ ಮಾಜಿ ಸೈನಿಕರು ತ್ರಿವರ್ಣ ಧ್ವಜ ತಂದರು. ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳು ಮರಾಠಿ ಅಭಂಗ ಹೇಳಿದರು, ನಮ್ಮ ಭಜನಾ ಮಂಡಳಿಯವರು ತತ್ವಪದ ಹಾಡಿದರು. ಒಂದು ಮುಗಿಯದೆ ಇನ್ನೊಂದು ಶುರುವಾಗಿ ಸ್ವಲ್ಪ ಗದ್ದಲವೇ ಆಯಿತು.

ಈಗ ಅಜ್ಜಿಯ ಫ್ಯಾಮಿಲಿ ಪೆನ್ಶನ್ ಕೆಲಸ ನಡೆದಿದೆ. ಆಕೆಗೂ 80 ದಾಟಿದೆ, ಜಾಸ್ತಿ ಸಿಗಬೇಕು. ಆದರೆ ಹಳೇ ಕಾಗದದಲ್ಲಿ ಆಕೆಯ ಹೆಸರು ಮರಾಠಿ ರೂಢಿಯಂತೆ 'ಬಾಯಿ' ಸೇರಿಸಿ ಇದೆ, ಊರು ಬಾಂಬೆ ರಾಜ್ಯದಲ್ಲಿದೆ. ಆಧಾರ್‌ನಲ್ಲಿ ಹೆಸರು ಬೇರೆ, ರಾಜ್ಯ ಕರ್ನಾಟಕ. ಎರಡೂ ಒಬ್ಬಳೇ ಹೆಂಗಸು ಅಂತ ಅಫಿಡವಿಟ್ ಮಾಡಿಸಿದ್ದೇವೆ. ಕನ್ನಡದ ಅರ್ಜಿ ನಾನು ಬರೆದುಕೊಟ್ಟೆ. ಸೋಮವಾರ ಅಜ್ಜಿಯ ಮಗನೂ ನಾನೂ ಮತ್ತೆ ಹೋಗಬೇಕು.