ಗಡಿ ಹಳ್ಳಿಗಳ ಪಿಯುಸಿ ಮಕ್ಕಳಿಗೆ ಮಾರ್ಗದರ್ಶನ: ಕಾಲೇಜು ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬೇಕು?

ವಿಜಯಪುರದಲ್ಲಿ ಡಿಗ್ರಿ ಓದುವ ನೀವು ಗೆಳೆಯರೆಲ್ಲ ಸೇರಿ ಚಡಚಣ, ಇಂಡಿ ಕಡೆಯ ಪಿಯುಸಿ ಮಕ್ಕಳಿಗೆ ಭಾನುವಾರ ಟ್ಯೂಷನ್ ಹೇಳಬೇಕೆಂದಿದ್ದೀರಿ. ಟ್ಯೂಷನ್ ಆಮೇಲೆ ಇರಲಿ, ಮೊದಲು ಕಾಗದಪತ್ರ ನೋಡಿರಿ. ಅಂಕ ಇದ್ದೂ ಒಂದು ಸರ್ಟಿಫಿಕೇಟಿಗಾಗಿ ಸೀಟು ಬಿಡುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಪ್ರತಿಯೊಬ್ಬರ ಹೆಸರಿಗೂ ಒಂದು ಹಾಳೆ ಮಾಡಿ, 1ನೇ ತರಗತಿಯಿಂದ ಯಾವ ವರ್ಷ ಯಾವ ಊರ ಶಾಲೆ, ಯಾವ ಮಾಧ್ಯಮ ಎಂದು ಬರೆಸಿರಿ. ಸಿಇಟಿಯಲ್ಲಿ (ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ) ರಾಜ್ಯದ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ದ್ವಿತೀಯ ಪಿಯುಸಿಯೊಳಗೆ ಕರ್ನಾಟಕದಲ್ಲಿ 7 ವರ್ಷ ಓದಿ, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಇಲ್ಲೇ ಪಾಸಾದ ಮೇಲೆ. ಗಡಿಯಾಚೆ ಮಹಾರಾಷ್ಟ್ರದ ಜತ್ತದಲ್ಲಿ 5ರವರೆಗೆ ಓದಿ 6ಕ್ಕೆ ಇಲ್ಲಿ ಸೇರಿದವರಿಗೆ ಸರಿಯಾಗಿ 7 ಆಗುತ್ತದೆ. 7ಕ್ಕೆ ಸೇರಿದವರಿಗೆ ಒಂದು ವರ್ಷ ಕಡಿಮೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕಿನವರೇ ಆಗಿದ್ದು ಮನೆಮಾತು ಕನ್ನಡವಾದರೆ ಸೀಟಿಗೆ ಅರ್ಹರಾಗಲು ಗಡಿನಾಡು ಕನ್ನಡಿಗರೆಂಬ ಬೇರೆ ದಾರಿ ಇದೆ, ಅದಕ್ಕೆ ಕನ್ನಡ ಪರೀಕ್ಷೆ ಬರೆಯಬೇಕು. ಶೇ 15ರ ಗ್ರಾಮೀಣ ಮೀಸಲಾತಿಗೆ 1ರಿಂದ 10 ಪೂರ್ತಿ ರಾಜ್ಯದ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ನಡುವೆ ಒಂದು ವರ್ಷ ವಿಜಯಪುರ ಪಟ್ಟಣದಲ್ಲಿ ಓದಿದರೂ ಅದು ಹೋಯಿತು. ಆಯಾ ವರ್ಷದ ಸಿಇಟಿ ಮಾಹಿತಿ ಪುಸ್ತಿಕೆ ಎದುರಿಗಿಟ್ಟುಕೊಂಡೇ ಹೇಳಿರಿ.

ದೊಡ್ಡ ತೊಡಕು ಓಟಿಪಿಯದು. ದಸರಾ-ದೀಪಾವಳಿ ಮುಗಿಯುತ್ತಲೇ ತಾಂಡಾಗಳ ಎಷ್ಟೋ ಮಂದಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಹುಡುಗಿ ಹಾಸ್ಟೆಲಿನಲ್ಲೋ ಅಜ್ಜಿ ಹತ್ತಿರವೋ ಇರುತ್ತಾಳೆ, ಆಧಾರಿಗೆ ಜೋಡಿಸಿದ ಮೊಬೈಲ್ ಅಪ್ಪನ ಜೇಬಿನಲ್ಲಿ ಕಬ್ಬಿನ ಹೊಲ ಸೇರಿರುತ್ತದೆ. ಇಲ್ಲಿ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ) ಸ್ಕಾಲರ್‌ಶಿಪ್ ಅರ್ಜಿ ತೆರೆದು ಕೂತರೆ ಓಟಿಪಿ ಅಲ್ಲಿಗೆ ಬರುತ್ತದೆ, ಅವರು ನೋಡಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆದ್ದರಿಂದ ದಸರೆಗೆ ಮೊದಲೇ, ಊರಲ್ಲೇ ಉಳಿಯುವ ಒಂದು ನಂಬರನ್ನು ಆಧಾರ್ ಕೇಂದ್ರದಲ್ಲಿ ಜೋಡಿಸಿರಿ. ಬೆರಳಚ್ಚು ಕೊಡಬೇಕಾದ್ದರಿಂದ ಅವಳೇ ಹೋಗಬೇಕು. ಅಪ್ಪ-ಅವ್ವ ಊರಲ್ಲಿದ್ದಾಗಲೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತೆಗೆಸಿ ಅವುಗಳ ಮೇಲಿರುವ ಆರ್‌ಡಿ ನಂಬರನ್ನು ಆ ಹಾಳೆಗೆ ಬರೆದಿಡಿರಿ. ಆದಾಯದ್ದು 5 ವರ್ಷ ನಡೆಯುತ್ತದೆ.

ಬ್ಯಾಂಕ್ ಪಾಸ್‌ಬುಕ್ ಇದ್ದರೆ ಸಾಲದು, ಯಾವ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯೋ ಅಲ್ಲಿಗೇ ಸ್ಕಾಲರ್‌ಶಿಪ್ ದುಡ್ಡು ಬೀಳುತ್ತದೆ. ಅಂಕಪಟ್ಟಿಯ ಹೆಸರು, ಆಧಾರಿನ ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ಅಂಕಪಟ್ಟಿ ಮುಟ್ಟಲು ಹೋಗಬೇಡಿ, ಅದನ್ನೇ ಆಧಾರವಾಗಿ ತೋರಿಸಿ ಆಧಾರ್ ತಿದ್ದಿಸಿರಿ. ಆಧಾರಿನಲ್ಲಿ ಹೆಸರು ತಿದ್ದಲು ಇರುವ ಅವಕಾಶ ಎರಡೇ ಸಲ, ಹಾಗಾಗಿ ಅಕ್ಷರ ಅಕ್ಷರ ನೋಡಿ ಕೊಡಿ.

ತಂಡದ ವಿಚಾರಕ್ಕೆ ಬಂದರೆ, ಒಬ್ಬರಿಗೆ ನಾಲ್ಕೈದು ಮಕ್ಕಳು ಸಾಕು, ವರ್ಷಪೂರ್ತಿ ಅವರೇ ನೋಡಿಕೊಳ್ಳಲಿ. ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ನಿಮ್ಮವರು ಹಳ್ಳಿಗೆ ಹೋಗುವುದು ನಿಲ್ಲುತ್ತದೆ, ಅದಕ್ಕೇ ಬೇರೆ ಬೇರೆ ಕಾಲೇಜಿನ ಇಬ್ಬಿಬ್ಬರನ್ನು ಜೋಡಿ ಮಾಡಿರಿ. ಹುಡುಗಿಯರ ಮನೆಗೆ ಹುಡುಗಿಯರೇ ಹೋಗಲಿ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ಪಕ್ಕದೂರಿನ ಅಕ್ಕ ಒಬ್ಬಳು ಬಂದು ಅವ್ವನ ಎದುರಿಗೆ ಕೂತು ಹಾಸ್ಟೆಲಿನ ಊಟ, ಬಾಗಿಲು ಹಾಕುವ ಹೊತ್ತು, ಊರಿಗೆ ಬರುವ ಬಸ್ಸು ಎಲ್ಲ ಹೇಳಿದರೆ, ಅವ್ವ ತನ್ನ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಕೇಳುತ್ತಾಳೆ.