ಹೋಲ್ಬೋರ್ನನ ‘ದಿ ಫೇರಿ ರೌಂಡ್’ ನುಡಿಸುವಾಗ ಕುಣಿತದ ಕಳೆ ಬರಬೇಕಾದರೆ ವೇಗ ಹೆಚ್ಚಿಸಬೇಕೇ?

ಎರಡು ಪಿಟೀಲು, ಎರಡು ವಯೋಲಾ, ಒಂದು ಚೆಲ್ಲೊ ಇರುವ ನಿಮ್ಮ ತಂಡವು ಹದಿನಾರನೆಯ ಶತಮಾನದ ಇಂಗ್ಲಿಷ್ ಸಂಗೀತ ರಚನಕಾರ ಆಂಟನಿ ಹೋಲ್ಬೋರ್ನನ ಈ ಕುಣಿತದ ಧಾಟಿಯ ಕೃತಿಯನ್ನು ಎಷ್ಟು ಚುರುಕಾಗಿ ನುಡಿಸಿದರೂ ಅದು ಬರೀ ಅವಸರದಂತೆ ಕೇಳಿಸುತ್ತಿದೆ ಎಂದು ಬರೆದಿದ್ದೀರಿ. ಇದೇ ಕೃತಿಯನ್ನು ಇದೇ ಐದು ವಾದ್ಯಗಳ ತಂಡದಲ್ಲಿ ಎರಡನೆಯ ವಯೋಲಾ ಹಿಡಿದು ನುಡಿಸಿರುವ ನನ್ನ ಸಲಹೆಯೆಂದರೆ, ಸದ್ಯಕ್ಕೆ ವೇಗವನ್ನು ಇಳಿಸಿ.

ಇದರ ಜೀವಾಳವಿರುವುದು ಆರು ಎಣಿಕೆಗಳನ್ನು ಒಡೆಯುವ ಬಗೆಯಲ್ಲಿ. ಅದೇ ಆರು ಒಮ್ಮೆ ‘ತಕಿಟ ತಕಿಟ’ ಎಂದು ಮೂರು ಮೂರಾಗಿ, ಮರುಗಳಿಗೆಯಲ್ಲೇ ‘ತಕ ತಕ ತಕ’ ಎಂದು ಎರಡೆರಡಾಗಿ ನಡೆಯುತ್ತದೆ. ಕೆಲವೆಡೆ ಮೇಲಿನ ದನಿ, ಎಂದರೆ ಎತ್ತರದ ಸ್ವರಗಳ ಸಾಲು, ಒಂದು ನಡೆಯಲ್ಲಿದ್ದರೆ ಒಳಗಿನ ದನಿ ಇನ್ನೊಂದರಲ್ಲಿರುತ್ತದೆ. ಈ ಎಳೆದಾಟ ಕಿವಿಗೆ ಬೀಳದಿದ್ದರೆ ವೇಗದಿಂದ ಏನೂ ಪ್ರಯೋಜನವಿಲ್ಲ.

ಇಂದಿನ ಮುದ್ರಿತ ಪ್ರತಿಗಳ ಬಾರ್ ಗೆರೆಗಳು, ಎಂದರೆ ಎಣಿಕೆಗಳನ್ನು ಸಮ ಭಾಗಗಳಾಗಿ ಬೇರ್ಪಡಿಸುವ ನಿಲುಗೆರೆಗಳು, ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತವೆ. ಹೋಲ್ಬೋರ್ನನ 65 ರಚನೆಗಳ ಸಂಗ್ರಹ 1599ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಐದು ದನಿಗಳಿಗೆ ಐದು ಬಿಡಿ ಪುಸ್ತಕಗಳಿದ್ದವು. ಆ ಕಾಲದ ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಾರ್ ಗೆರೆಗಳಿರಲಿಲ್ಲ, ಪ್ರತಿಯೊಬ್ಬನೂ ತನ್ನ ಸಾಲನ್ನಷ್ಟೇ ನೋಡಿಕೊಂಡು ಉಳಿದವರನ್ನು ಕಿವಿಗೊಟ್ಟು ಕೇಳುತ್ತ ನುಡಿಸಬೇಕಿತ್ತು. ನಾನು ನನ್ನ ಸಾಲನ್ನು ಗೆರೆಗಳಿಲ್ಲದೆ ಒಂದು ಹಾಳೆಯ ಮೇಲೆ ಕೈಯಿಂದ ಬರೆದುಕೊಂಡು, ಮೂರರ ಗುಂಪು ಎಲ್ಲಿ, ಎರಡರ ಗುಂಪು ಎಲ್ಲಿ ಎಂದು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಅಷ್ಟು ದಿನ ನಾನು ಕಮಾನನ್ನು ಒತ್ತಿ ನುಡಿಸುತ್ತಿದ್ದ ಒಂದು ಸ್ವರ ವಾಸ್ತವದಲ್ಲಿ ಗುಂಪಿನ ನಟ್ಟನಡುವಿನದು ಎಂಬುದು ಆಗಲೇ ತಿಳಿದದ್ದು. ನೀವೂ ವಾದ್ಯಗಳನ್ನು ಕೆಳಗಿಟ್ಟು, ಐವರೂ ಒಟ್ಟಿಗೆ ತಂತಮ್ಮ ಸಾಲನ್ನು ಬಾಯಲ್ಲಿ ಹೇಳಿಕೊಂಡು ಚಪ್ಪಾಳೆ ಹಾಕಿ ನೋಡಿ.

ವೇಗಕ್ಕೆ ಮಿತಿಯಿರಬೇಕೆನ್ನಲು ಇನ್ನೊಂದು ಕಾರಣ ನರ್ತಕನ ಕಾಲು. ಇದರ ಹತ್ತಿರದ ನೆಂಟನಾದ ಗ್ಯಾಲಿಯಾರ್ಡ್ ಎಂಬ ಕುಣಿತವನ್ನು ಫ್ರಾನ್ಸಿನ ಲಾಂಗ್ರ್‌ ಪಟ್ಟಣದ ಪಾದ್ರಿ ಥ್ವಾನೊ ಆರ್ಬೋ ತನ್ನ 1589ರ ನೃತ್ಯಗ್ರಂಥದಲ್ಲಿ ವಿವರಿಸಿದ್ದಾನೆ: ಮೊದಲ ನಾಲ್ಕು ಎಣಿಕೆಗೆ ನಾಲ್ಕು ಹೆಜ್ಜೆ, ಐದಕ್ಕೆ ಜಿಗಿತ, ಆರಕ್ಕೆ ನೆಲ ಮುಟ್ಟಿ ನಿಲುವು. ಐದನೆಯ ಎಣಿಕೆಯಲ್ಲಿ ನರ್ತಕ ಗಾಳಿಯಲ್ಲಿರುವುದರಿಂದ ಅವನಿಗೆ ಇಳಿಯಲು ಬಿಡುವು ಕೊಡಬೇಕಾಗುತ್ತದೆ.

ಈ ಸಂಗ್ರಹವು ವಯೋಲ್, ಪಿಟೀಲು ಅಥವಾ ಊದುವ ವಾದ್ಯಗಳಿಗೆ ಎಂದು ಮುಖಪುಟದಲ್ಲೇ ಹೇಳಿರುವುದರಿಂದ ನಿಮ್ಮ ವಾದ್ಯಗಳ ಬಗ್ಗೆ ಅಳುಕು ಬೇಡ. ಆದರೆ ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ಹಳೆಯ ತಂತಿವಾದ್ಯವಾದ ವಯೋಲ್‌ನ ಕಮಾನನ್ನು ಅಂಗೈ ಮೇಲ್ಮುಖವಾಗಿ ಹಿಡಿಯುತ್ತಿದ್ದರು, ಅದರ ದನಿ ಹಗುರ. ಆದ್ದರಿಂದ ಕಮಾನನ್ನು ಬುಡದಿಂದ ತುಸು ಮೇಲೆ ಹಿಡಿದು, ಅದರ ನಡುಭಾಗದಲ್ಲೇ ಚಿಕ್ಕ ಎಳೆತಗಳಲ್ಲಿ ನುಡಿಸಿ, ಸ್ವರಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಡಿ. ಚೆಲ್ಲೊ ನುಡಿಸುವವರಿಗೆ ಇದು ಎಲ್ಲರಿಗಿಂತ ಮುಖ್ಯ.

1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳುಹಿಸಿದ ಚಿನ್ನದ ಲೇಪದ ಧ್ವನಿಮುದ್ರಣದ ತಟ್ಟೆಯಲ್ಲಿ, ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯ ಜೊತೆಗೆ, ಇಂಗ್ಲೆಂಡಿನ ವಾದಕ ಡೇವಿಡ್ ಮನ್ರೋ ಅವರ ತಂಡ ನುಡಿಸಿದ ‘ದಿ ಫೇರಿ ರೌಂಡ್’ ಕೂಡ ಇದೆ. 1 ನಿಮಿಷ 17 ಸೆಕೆಂಡುಗಳ ಆ ವಾದನ ಚುರುಕಾಗಿಯೇ ಇದೆ, ಆದರೂ ಎಣಿಕೆಗಳ ನಡುವೆ ಗಾಳಿಯಾಡುತ್ತದೆ. ಮೊದಲ ಸಲ ಮೇಲಿನ ದನಿಯನ್ನು ಬಿಟ್ಟು, ಒಳಗಿನ ಯಾವುದಾದರೂ ಒಂದು ದನಿಯನ್ನೇ ಹಿಂಬಾಲಿಸಿ ಕೇಳಿ.