ಸಂದಿ ಕಂಡರೆ ನುಗ್ಗೋದಾ?

ಜಾಮ್‌ನಲ್ಲಿ ಬೈಕ್ ಓಡಿಸುವ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳನ್ನು ಓದಿದರೆ ಹಾಸನದಲ್ಲಿ ಈ ವಿಷಯಕ್ಕೆ ಸಿಟ್ಟಿಲ್ಲದವರೇ ಇಲ್ಲ ಅನ್ನಿಸಿತು. ಬೈಕಿನವರಿಗೆ ಕಾರಿನವರ ಮೇಲೆ, ಕಾರಿನವರಿಗೆ ಬೈಕಿನವರ ಮೇಲೆ, ಇಬ್ಬರಿಗೂ ಆಟೋದವರ ಮೇಲೆ. ಆಟೋದವರು ಮಾತ್ರ ಯಾರೂ ಬರೆದಿಲ್ಲ, ಪುರುಸೊತ್ತಿಲ್ಲ ಅನ್ನಿಸುತ್ತೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಿಂತ ಗಾಡಿಗಳ ನಡುವೆ ಬೈಕ್ ತೂರಿಸಿಕೊಂಡು ಮುಂದೆ ಹೋಗುವುದು ತಪ್ಪಾ? ಪೊಲೀಸರ ಎದುರೇ ಎಲ್ಲರೂ ಹೋಗುತ್ತಾರೆ, ಯಾರೂ ಹಿಡಿಯುವುದಿಲ್ಲ. ಅಂದಮೇಲೆ ಅವಕಾಶ ಇದೆ ಅಂತಾನೇ ಅಲ್ವಾ? (ಬಿ.ಎಂ. ರಸ್ತೆ, ಹಾಸನ)

ಉತ್ತರ: ಹಿಡಿಯುವುದಿಲ್ಲ ಅನ್ನೋದು ಬೇರೆ, ಹಕ್ಕಿದೆ ಅನ್ನೋದು ಬೇರೆ. ಹಕ್ಕು ಕೊಟ್ಟಿರುವ ಕಡೆ ಹೇಗಿದೆ ನೋಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2014ರಿಂದ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆದರೆ ವೇಗ 30 ಕಿ.ಮೀ. ದಾಟುವಂತಿಲ್ಲ, ಫುಟ್‌ಪಾತ್ ಅಂಚಿನಲ್ಲಿ ನುಸುಳುವಂತಿಲ್ಲ, ಶಾಲೆ ವಲಯದಲ್ಲಿ ಹೋಗುವಂತಿಲ್ಲ, ಪೂರ್ತಿ ಲೈಸೆನ್ಸ್ ಆಗದವರಿಗೆ ಅವಕಾಶವೇ ಇಲ್ಲ. ಅಮೆರಿಕದ ಯೂಟಾದಲ್ಲಿ 2019ರಿಂದ ಬಿಟ್ಟಿದ್ದಾರೆ. ಅಲ್ಲಿ ಮುಂದಿನ ಗಾಡಿ ಪೂರ್ತಿ ನಿಂತಿರಬೇಕು, ನಿಮ್ಮ ವೇಗ ಗಂಟೆಗೆ 15 ಮೈಲಿ ಮೀರಬಾರದು. ನಮ್ಮ ಲೆಕ್ಕದಲ್ಲಿ ಸುಮಾರು 24 ಕಿ.ಮೀ.

ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಬೈಕಿನವರಿಗೆ ಅಂತ ಇಂಥ ರಿಯಾಯಿತಿ ಇಲ್ಲ. ಓವರ್‌ಟೇಕ್ ಬಲಗಡೆಯಿಂದ, ಲೇನ್ ಬದಲಿಸುವ ಮುನ್ನ ಇಂಡಿಕೇಟರ್, ಸ್ಟಾಪ್ ಲೈನ್ ಹಿಂದೆ ನಿಲ್ಲುವುದು, ಇವು ಎಲ್ಲರಿಗೂ ಒಂದೇ. 184ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಆಯಿತು. ಕೆಂಪು ದೀಪ ಹಾರುವುದು, ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ಬರುವುದು, ನಿಯಮ ಮೀರಿ ಓವರ್‌ಟೇಕ್ ಮಾಡುವುದು ಎಲ್ಲವೂ ಅಪಾಯಕಾರಿ ಚಾಲನೆ ಅಂತ ಅದರಲ್ಲಿ ಬರೆದಿದ್ದಾರೆ. ಇವತ್ತು ಯಾರೂ ಕೇಳದೆ ಇರಬಹುದು. ನಾಳೆ ಯಾರಿಗಾದರೂ ತಗುಲಿತು ಅನ್ನಿ, ಆಗ ‘ಎಲ್ಲರೂ ಹೋಗ್ತಾರೆ ಸಾರ್’ ಅನ್ನುವ ಮಾತು ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಸಂದಿಯಲ್ಲಿ ಹೋಗುವಾಗ ಎಷ್ಟು ಸ್ಪೀಡ್ ಸರಿ? ನಾನು 30ರಲ್ಲಿ ಹೋಗುತ್ತೇನೆ, ಅದೇನು ಜಾಸ್ತಿ ಅಲ್ಲ ಅಂತ ನನ್ನ ವಾದ. (ವಿದ್ಯಾನಗರ, ಹಾಸನ)

ಉತ್ತರ: ನನ್ನದೂ ಅದೇ ವಾದ ಇತ್ತು, ಹದಿನೈದು ವರ್ಷದ ಹಿಂದೆ. ಸಂಜೆ ಆರೂವರೆ, ಮಾಗಿಯ ಚಳಿ, ಎನ್.ಆರ್. ವೃತ್ತದ ಹತ್ತಿರ ಗಾಡಿಗಳು ಸಾಲಾಗಿ ನಿಂತಿದ್ದವು. ನಾನು ಕಾರುಗಳ ಎಡಗಡೆ, ಚರಂಡಿ ಕಲ್ಲಿಗೂ ಕಾರಿಗೂ ನಡುವಿನ ಸಂದಿಯಲ್ಲಿ ಹಾಯಾಗಿ ಬರುತ್ತಿದ್ದೆ. ಒಂದು ಬಿಳಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ಅಷ್ಟೇ. ಬಾಗಿಲಿನ ಅಂಚು ನನ್ನ ಬಲಗೈಗೆ ಹೊಡೆದು ಬ್ರೇಕ್ ಲಿವರ್ ಜೊತೆ ಕಿರುಬೆರಳೂ ಮಡಚಿತು. ಲಿವರ್ ಹೊಸದು ಹಾಕಿಸಿದೆ. ಬೆರಳು ಇವತ್ತಿಗೂ ಚಳಿಗಾಲದ ಬೆಳಿಗ್ಗೆ ಪೂರ್ತಿ ಮಡಚುವುದಿಲ್ಲ. ಇಳಿದ ಹೆಂಗಸು ‘ಅಯ್ಯೋ, ನೋಡ್ಲಿಲ್ಲಪ್ಪಾ’ ಅಂದರು. ನಾನು ಬಾಯಿಗೆ ಬಂದಂತೆ ಬೈದೆ. ಆಸ್ಪತ್ರೆಯಲ್ಲಿ ಕೂತು ಯೋಚಿಸಿದಾಗ ಗೊತ್ತಾಯಿತು, ಅವರು ಇಳಿದದ್ದು ಎಲ್ಲರೂ ಇಳಿಯುವ ಕಡೆಗೇ. ಬರಬಾರದ ಕಡೆ ಬಂದವನು ನಾನು.

ಲೆಕ್ಕ ಹಾಕಿ ನೋಡಿ. 30 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ. ಬಾಗಿಲು ಕಂಡು, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಅಂದುಕೊಂಡರೂ ಎರಡು ಸಣ್ಣ ಕಾರಿನ ಉದ್ದ ದಾಟಿರುತ್ತೀರಿ, ಬ್ರೇಕ್ ಇನ್ನೂ ಹಿಡಿದೇ ಇಲ್ಲ. 10 ಕಿ.ಮೀ.ನಲ್ಲಿದ್ದರೆ ಅದೇ ಸೆಕೆಂಡಿಗೆ 3 ಮೀಟರೂ ಆಗುವುದಿಲ್ಲ. ಅದಕ್ಕೇ ನಾನು ಈಗ ಪಕ್ಕದಲ್ಲಿ ಒಬ್ಬ ಹುಡುಗ ಓಡಿಕೊಂಡು ಬಂದರೆ ನನ್ನ ಜೊತೆ ಇರಬೇಕು ಅನ್ನುವಷ್ಟು ನಿಧಾನಕ್ಕೆ ಹೋಗುತ್ತೇನೆ. ಸಾಲು ಹೊರಟಿತು ಅಂದರೆ ನನ್ನ ಸಂದಿ ಮುಗಿಯಿತು. ಯಾವುದಾದರೂ ಒಂದು ಗಾಡಿಯ ಹಿಂದೆ ಸೇರಿಕೊಂಡುಬಿಡುತ್ತೇನೆ.

ಇನ್ನೊಂದು. ನಿಂತ ಸಾಲಿನಲ್ಲಿ ಯಾರಾದರೂ ಮುಂದೆ ಜಾಗ ಬಿಟ್ಟು ನಿಂತಿದ್ದರೆ ಅದು ನಿಮಗಾಗಿ ಬಿಟ್ಟದ್ದಲ್ಲ. ಅಲ್ಲಿಂದ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದುಕೊಂಡು ಬರುತ್ತಿರುತ್ತಾರೆ, ಇಲ್ಲವೇ ಅಡ್ಡರಸ್ತೆಯಿಂದ ಆಟೋ ಮೂತಿ ಹಾಕುತ್ತಿರುತ್ತದೆ. ಅಲ್ಲಿ ಪೂರ್ತಿ ನಿಂತು ಇಣುಕಿ ನೋಡಿ. ಬಸ್ಸಿನ ಎಡಗಡೆಯಂತೂ ಬೇಡವೇ ಬೇಡ. ಬಾಗಿಲು ಇರುವುದು ಆ ಕಡೆಗೇ. ಜಾಮ್ ಆಯಿತು ಅಂದರೆ ಸ್ಟಾಪ್ ಬರುವ ತನಕ ಯಾರು ಕಾಯುತ್ತಾರೆ, ಚೀಲ ಹಿಡಿದು ಧಡಧಡ ಇಳಿಯುತ್ತಾರೆ. ಕಿಟಕಿಯಿಂದ ಎಲೆಅಡಿಕೆ ಬೀಳುವುದು ಬೇರೆ!

ಪ್ರಶ್ನೆ: ನಾನು ಸ್ಕೂಟಿ ಕಲಿತು ಮೂರು ತಿಂಗಳಾಯಿತು. ನಿಧಾನ ಹೋದರೆ ಹ್ಯಾಂಡಲ್ ಅಲ್ಲಾಡುತ್ತದೆ, ಕಾಲು ಕೆಳಗೆ ಬಿಟ್ಟುಕೊಂಡೇ ಹೋಗುತ್ತೇನೆ. ಹಿಂದಿನವರು ಹಾರನ್ ಹೊಡೆದರೆ ಇನ್ನೂ ಭಯ. (ಕಾಲೇಜು ವಿದ್ಯಾರ್ಥಿನಿ, ಹೊಳೆನರಸೀಪುರ)

ಉತ್ತರ: ತಂಗಿ, ಹ್ಯಾಂಡಲ್ ಅಲ್ಲಾಡುವಷ್ಟು ದಿನ ಸಂದಿಗೆ ಹೋಗಲೇಬೇಡ. ಹಿಂದಿನವರು ಹಾರನ್ ಹೊಡೆದುಕೊಳ್ಳಲಿ, ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಕಾರಿನ ಹಾಗೆ ಸಾಲಿನಲ್ಲೇ ನಿಲ್ಲು. ಹಾಗೆ ನಿಲ್ಲುವಾಗ ಮುಂದಿನ ಗಾಡಿಯ ನೇರ ನಡುವಿನಲ್ಲಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲು, ಹಿಂದಿನಿಂದ ಯಾರಾದರೂ ಬ್ರೇಕ್ ಹಿಡಿಯದೆ ಬಂದರೆ ಸರಿದುಕೊಳ್ಳಲು ಜಾಗ ಇರುತ್ತದೆ. ಕನ್ನಡಿಯ ಮೇಲೆ ಒಂದು ಕಣ್ಣಿರಲಿ.

ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗು. ನಾಲ್ಕು ಇಟ್ಟಿಗೆ ಸಾಕು. ಎರಡೆರಡು ಇಟ್ಟಿಗೆಗೆ ನಡುವೆ ಹ್ಯಾಂಡಲ್ ಅಗಲಕ್ಕಿಂತ ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು ಬಿಟ್ಟು ಓಣಿ ಮಾಡು. ಅದರೊಳಗೆ ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಹೋಗು. ಗುಟ್ಟು ಏನು ಅಂದರೆ ಆಕ್ಸಿಲರೇಟರ್ ಪೂರ್ತಿ ಬಿಡಬಾರದು. ಅದನ್ನು ಚೂರೇ ಚೂರು ಕೊಟ್ಟುಕೊಂಡು ಎಡಗೈ ಬ್ರೇಕನ್ನು ಹಗುರವಾಗಿ ಒತ್ತಿಕೊಂಡಿರು, ಗಾಡಿ ಎಳೆದು ಹಿಡಿದ ಹಾಗೆ ನೆಟ್ಟಗೆ ಹೋಗುತ್ತದೆ. ಬೈಕಾದರೆ ಹಾಫ್ ಕ್ಲಚ್, ಹಿಂದಿನ ಬ್ರೇಕ್. ಹ್ಯಾಂಡಲ್ ತಿರುಗಿರುವಾಗ ಬಲಗೈ ಬ್ರೇಕ್ ಜಗ್ಗಿದೆಯೋ, ಗಾಡಿ ಅಲ್ಲೇ ಮಲಗುತ್ತದೆ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಓಣಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನೋಡು. ಸಂದಿಯಲ್ಲಿ ಪಕ್ಕದ ಕಾರನ್ನೇ ನೋಡಿಕೊಂಡು ಹೋದವರು ಹೋಗಿ ಅದಕ್ಕೇ ಉಜ್ಜುತ್ತಾರೆ, ನೋಡಿದ ಕಡೆಗೇ ಗಾಡಿ ಹೋಗುತ್ತದೆ.

ಕಾಲು ಮಾತ್ರ ಮೇಲೆ. ನೇತಾಡುವ ಕಾಲು ಪಕ್ಕದ ಗಾಡಿಯ ಚಕ್ರಕ್ಕೆ ಸಿಕ್ಕಿದ್ದನ್ನು ನೋಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಲ್ಲುವ ಮುನ್ನ ಎಡಗಾಲು ಒಂದನ್ನೇ ಇಳಿಸು.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಲಾರಿ ಸಾಲು ನಿಂತರೆ ಕಿಲೋಮೀಟರ್‌ಗಟ್ಟಲೆ. ಬೈಕಿನವರೂ ಅಲ್ಲೇ ಕಾಯಬೇಕಾ? (ಸಕಲೇಶಪುರ)

ಉತ್ತರ: ಕಾಯುವುದು ಕಷ್ಟ, ಗೊತ್ತು. ಅದರಲ್ಲೂ ಮಳೆಗಾಲದಲ್ಲಿ. ಆದರೆ ಊರೊಳಗಿನ ಜಾಮ್ ಬೇರೆ, ಘಾಟಿಯ ಜಾಮ್ ಬೇರೆ. ಊರಲ್ಲಿ ಕಾರಿನ ಮೇಲಿಂದ ನಾಲ್ಕು ಗಾಡಿ ಮುಂದಕ್ಕೆ ಕಾಣುತ್ತದೆ. ಇಲ್ಲಿ ಎರಡೂವರೆ ಮೀಟರ್ ಅಗಲದ ಲಾರಿ ಗೋಡೆಯ ಹಾಗೆ ನಿಂತಿರುತ್ತದೆ, ಅದರಾಚೆ ತಿರುವು. ಬಲಗಡೆ ಹೋದರೆ ಎದುರಿನಿಂದ ಇಳಿಯುವ ಬಸ್ಸು ಕಣ್ಣಿಗೆ ಬೀಳುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ನೆಟ್ಟಗಿನ ರಸ್ತೆ ಇದ್ದು, ಎದುರು ಖಾಲಿ ಅಂತ ಕಣ್ಣಾರೆ ಕಂಡಾಗ ಎರಡು ಲಾರಿಗಳ ನಡುವೆ ಸೇರಿಕೊಳ್ಳಲು ಜಾಗ ಇದೆ ಅಂತ ಮೊದಲೇ ನೋಡಿಟ್ಟುಕೊಂಡು ನಾಲ್ಕೈದು ಲಾರಿ ದಾಟಿ. ತಿರುವು ಬಂತೋ, ಇಂಜಿನ್ ಆಫ್ ಮಾಡಿ ನಿಂತುಬಿಡಿ.

ನಿಲ್ಲುವಾಗ ಲಾರಿಯ ಹಿಂಬದಿಗೆ ಅಂಟಿಕೊಳ್ಳಬೇಡಿ. ಏರಿನಲ್ಲಿ ಹೊರಡುವಾಗ ಲೋಡ್ ಲಾರಿ ಒಂದಡಿಯಾದರೂ ಹಿಂದಕ್ಕೆ ಬಂದೇ ಬರುತ್ತದೆ. ಮೂತಿಯ ಮುಂದೆಯೂ ಬೇಡ. ಡ್ರೈವರ್ ಎತ್ತರದಲ್ಲಿ ಕೂತಿರುತ್ತಾನೆ, ಗಾಜಿನ ಬುಡದಲ್ಲಿ ನಿಂತ ಬೈಕ್ ಅವನಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿದ್ದರೆ ಅವನ ಕನ್ನಡಿ ನೋಡಿ. ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಕಿವಿಯನ್ನೂ ಬಿಟ್ಟಿಡಿ, ಇಯರ್‌ಫೋನ್ ತೆಗೆಯಿರಿ. ‘ಪುಸ್ಸ್’ ಅಂತ ಗಾಳಿ ಬಿಟ್ಟ ಸದ್ದು ಕೇಳಿತು ಅಂದರೆ ಬ್ರೇಕ್ ಸಡಿಲಿಸಿದ್ದಾನೆ, ಲಾರಿ ಹೊರಡುತ್ತದೆ. ಎಡಕ್ಕೆ ತಿರುಗುವ ಲಾರಿಯ ಎಡಗಡೆ ಇರಲೇಬಾರದು. ಮುಂದಿನ ಚಕ್ರ ದೂರದಿಂದ ಸುತ್ತಿದರೂ ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಅಲ್ಲಿದ್ದವರಿಗೆ ಹೋಗಲು ದಾರಿ ಇರುವುದಿಲ್ಲ.

ಪ್ರಶ್ನೆ: ಹಾಸನಾಂಬೆ ದರ್ಶನದ ಸಮಯದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಜನ, ಗಾಡಿ ನಡುವೆ ಹೋಗುವಾಗ ಅವಳ ಮಂಡಿ ಕಾರಿಗೆ ಉಜ್ಜಿತು. ನೀವು ಸರಿಯಾಗಿ ಓಡಿಸಲ್ಲ ಅಂತ ಇವತ್ತಿಗೂ ಹೇಳುತ್ತಾಳೆ. (ಅರಸೀಕೆರೆ)

ಉತ್ತರ: ಅವರು ಹೇಳುವುದು ಸರಿ. ಹ್ಯಾಂಡಲ್ ದಾಟಿತು ಅಂದರೆ ಗಾಡಿ ದಾಟಿತು ಅಂತ ನೀವು ಅಂದುಕೊಂಡಿರಿ. ಸೀರೆ ಉಟ್ಟು ಒಂದು ಕಡೆಗೆ ಕಾಲು ಹಾಕಿ ಕೂತವರ ಮಂಡಿ ಹ್ಯಾಂಡಲಿಗಿಂತ ಆಚೆ ಇರುತ್ತದೆ, ಅದೂ ಎಡಗಡೆ, ನಿಮಗೆ ಕಾಣದ ಕಡೆ. ಹಿಂದೆ ಜನ ಇದ್ದಾಗ ಸಂದಿ ಬೇಡ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗಿ, ವರ್ಷಕ್ಕೊಮ್ಮೆ ತೆಗೆಯುವ ಬಾಗಿಲಿಗೆ ಅಷ್ಟು ನಡೆದರೆ ಏನಾಯಿತು? ಅವರಿಗೂ ಹೆಲ್ಮೆಟ್ ಇದೆಯಲ್ವಾ?

ಪ್ರಶ್ನೆ: ನಾನು ಕಾರಿನವನು. ಬೈಕಿನವರು ಎರಡೂ ಕಡೆಯಿಂದ ನುಗ್ಗಿ ಕನ್ನಡಿ ಮಡಚಿ ಹೋಗುತ್ತಾರೆ. ನಾನು ಬೇಕಂತಲೇ ಸ್ವಲ್ಪ ಅಡ್ಡ ತಂದು ನಿಲ್ಲಿಸುತ್ತೇನೆ. (ಚನ್ನರಾಯಪಟ್ಟಣ)

ಉತ್ತರ: ಸಿಟ್ಟು ಅರ್ಥವಾಗುತ್ತದೆ. ಅಡ್ಡ ತರುವುದು ಮಾತ್ರ ಬೇಡ, ನೀವು ಒಂದಡಿ ಸರಿದದ್ದು ಒಬ್ಬನ ಕಾಲು ಮುರಿಯಲು ಸಾಕು. ಸಾಲಿನಲ್ಲಿ ನೆಟ್ಟಗೆ ನಿಲ್ಲಿ. ಸ್ಟೇರಿಂಗ್ ತಿರುಗಿಸುವ ಮುನ್ನ ಎರಡೂ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಆಮೇಲೆ ತಿರುಗಿಸಿ. ಬಾಗಿಲನ್ನು ಪಕ್ಕದ ಕೈಯಿಂದ ತೆಗೆಯಬೇಡಿ. ಡ್ರೈವರ್ ಸೀಟಿನಲ್ಲಿದ್ದರೆ ಎಡಗೈಯಿಂದ ತೆಗೆಯಿರಿ, ಮೈ ತಾನಾಗಿಯೇ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ಲಿನವರಿಗಾಗಿ ಇದನ್ನು ಹೇಳಿಕೊಡುತ್ತಾರೆ. ಎಡಗಡೆ ಕೂತವರಿಗೆ ಬಲಗೈ. ಆ ಬಿಳಿ ಕಾರಿನ ಹೆಂಗಸಿಗೆ ಇದು ಗೊತ್ತಿದ್ದಿದ್ದರೆ ನನ್ನ ಬೆರಳು ಉಳಿಯುತ್ತಿತ್ತೇನೋ.

ಪ್ರಶ್ನೆ: ಆಂಬುಲೆನ್ಸ್ ಹಿಂದೆ ಬೈಕ್ ಹಾಕಿಕೊಂಡು ಹೋದರೆ ದಾರಿ ಸುಲಭ. ಅದು ತಪ್ಪೇನೂ ಅಲ್ಲ ತಾನೆ? (ಹೆಸರು, ಊರು ಎರಡೂ ಬೇಡ)

ಉತ್ತರ: ಊರು ಯಾಕೆ ಬೇಡ ಅಂದಿರಿ ಅಂತ ಗೊತ್ತಾಯಿತು. ಅದು ಗಕ್ಕನೆ ನಿಂತರೆ ನೀವು ಅದರ ಹಿಂಬಾಗಿಲಿಗೆ. ದಾರಿ ಬಿಟ್ಟವರು ಆಂಬುಲೆನ್ಸ್ ಹೋಯಿತು ಅಂತ ಮತ್ತೆ ನಡುವಿಗೆ ಬರುತ್ತಾರೆ, ಆಗ ನೀವು ಅವರ ಬಂಪರಿಗೆ. ಆಂಬುಲೆನ್ಸಿಗೆ ಅಡ್ಡಿಯಾದರೆ 10,000 ರೂಪಾಯಿವರೆಗೂ ದಂಡ ಇದೆ, ಅದೂ 2019ರ ತಿದ್ದುಪಡಿಯಲ್ಲೇ ಬಂದದ್ದು.

ಪ್ರಶ್ನೆ: ರೈಲ್ವೆ ಗೇಟು ಬಿದ್ದಾಗ ಬೈಕಿನವರೆಲ್ಲ ಬಲಗಡೆ ಹೋಗಿ ತುಂಬಿಕೊಳ್ಳುತ್ತಾರೆ. ಎಡಗಡೆ ನಿಂತ ನಾನೇ ದಡ್ಡನ ಹಾಗೆ ಕಾಣುತ್ತೇನೆ. (ಹಾಸನ)

ಉತ್ತರ: ಆಚೆ ಕಡೆಯೂ ಇದೇ ಬುದ್ಧಿವಂತರು ಇರುತ್ತಾರಲ್ಲ! ಗೇಟು ಎದ್ದ ತಕ್ಷಣ ಎರಡು ಸೈನ್ಯ ಎದುರುಬದುರು. ಹಳಿಯ ಮೇಲೆ ಹ್ಯಾಂಡಲಿಗೆ ಹ್ಯಾಂಡಲ್ ಸಿಕ್ಕಿಸಿಕೊಂಡು ನಿಲ್ಲುತ್ತಾರೆ, ಹಿಂದಿನ ಬಸ್ಸಿಗೂ ದಾರಿ ಇಲ್ಲ. ನೀವು ಎಡಗಡೆ ನಿಂತದ್ದರಿಂದಲೇ ಯಾರೋ ಒಬ್ಬರಾದರೂ ಎದುರಿನಿಂದ ಬರಲು ಆಗುತ್ತಿದೆ. ಎಡಗಡೆಯ ಸಾಲಿನಲ್ಲೇ ನಿಲ್ಲಿ, ನಡುಗೆರೆ ದಾಟಬೇಡಿ. ಬೈಕ್ ವಾಲಿಸಿ ಗೇಟಿನ ಕಂಬದಡಿ ನುಸುಳುವವರಿಗೆ ಒಂದು ಮಾತು. 1989ರ ರೈಲ್ವೆ ಕಾಯ್ದೆಯಲ್ಲಿ ಹೀಗೆ ಅತಿಕ್ರಮಿಸಿ ನುಗ್ಗಿದರೆ ಆರು ತಿಂಗಳವರೆಗೂ ಜೈಲು ಇದೆ.

ಪ್ರಶ್ನೆ: ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುವವನು ನಾನು. ಬೈಕಿನ ಎರಡೂ ಕಡೆ ಕ್ಯಾನ್. ಸಂತೆ ದಿನ ಒಂದು ಕಾರಿಗೆ ಕ್ಯಾನ್ ತಗುಲಿ ಗೀರು ಬಿತ್ತು. ಹಾಲು ಕೆಡುತ್ತದೆ ಅಂತ ನಿಲ್ಲದೆ ಬಂದೆ, ಮನಸ್ಸಿಗೆ ಸಮಾಧಾನ ಇಲ್ಲ. (ಆಲೂರು ಕಡೆ)

ಉತ್ತರ: ಅಣ್ಣಾ, ಕ್ಯಾನ್ ಕಟ್ಟಿದ ಬೈಕು ಆಟೋ ಇದ್ದ ಹಾಗೆ, ಅದಕ್ಕೆ ಸಂದಿ ಇಲ್ಲ. ಹೊರಡುವ ಮುನ್ನ ಒಂದು ಕೋಲು ತಗೊಂಡು ಈ ಕ್ಯಾನಿನ ಹೊರ ಅಂಚಿನಿಂದ ಆ ಕ್ಯಾನಿನ ಹೊರ ಅಂಚಿಗೆ ಅಳತೆ ಮಾಡಿ. ಹ್ಯಾಂಡಲಿಗಿಂತ ಎಷ್ಟು ಜಾಸ್ತಿ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ಕ್ಯಾನ್ ತುಂಬಿದ್ದಾಗ ಹಾಲು ಕುಲುಕಿ ಗಾಡಿ ಎಳೆಯುವುದು ಬೇರೆ. ಹತ್ತು ನಿಮಿಷ ಮುಂಚೆ ಹೊರಡಿ.

ತಗುಲಿಸಿದರೆ ನಿಲ್ಲಬೇಕು. ಇಳಿದು ‘ತಪ್ಪಾಯಿತು’ ಅಂದು ನಂಬರ್ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆ ಕಾರು ನಿಮ್ಮ ಕಡೆಯದೇ ಆದರೆ ಮತ್ತೆ ಸಂತೆಗೆ ಬರುತ್ತದೆ. ಕಂಡರೆ ಹೋಗಿ ಮಾತಾಡಿಸಿ. ಬೈದರೆ ಬೈಸಿಕೊಳ್ಳಿ, ನಾನು ಆ ಹೆಂಗಸಿಗೆ ಬೈದಷ್ಟು ಬೈಯಲಾರರು.